ಆರ್‌ಎಂಎಸ್ (ಹೊಂದಿಸಿದ ಮೇಲೆ ಉಳಿದ ಸರಾಸರಿ ತಪ್ಪು) 7 ಮಿ.ಮೀ. ಬಂದಿದೆ, ಆದರೆ ಬಂಡೆಯ ನೆತ್ತಿ 42 ಸೆಂ.ಮೀ. ಆಚೆ ಹೋಗಿದೆ. ಎಲ್ಲಿ ತಪ್ಪಿದ್ದೇನೆ?

ಕಲ್ಲುದಾರಿ
ಭಾನುವಾರ, ರಾತ್ರಿ 10:20

ಎಲ್ಲರಿಗೂ ನಮಸ್ಕಾರ. ಎಂ.ಟೆಕ್ ಪ್ರಾಜೆಕ್ಟಿಗಾಗಿ ಮಾಗಡಿ ಕಡೆ ನಿಂತುಹೋದ ಒಂದು ಕಲ್ಲು ಕ್ವಾರಿಯಲ್ಲಿ ಕೆಲಸ ಮಾಡುತ್ತಿದ್ದೇನೆ. ಬಂಡೆಯ ಮುಖ ಸುಮಾರು 120 ಮೀಟರ್ ಅಗಲ, 35 ಮೀಟರ್ ಎತ್ತರ. ಮೂರು ಕಡೆ ಲೇಸರ್ ಸ್ಕ್ಯಾನರ್ ನಿಲ್ಲಿಸಿ ಪೂರ್ತಿ ಮುಖವನ್ನು ಸ್ಕ್ಯಾನ್ ಮಾಡಿದೆವು. ಮೂರೂ ಸ್ಕ್ಯಾನ್ ಒಂದಕ್ಕೊಂದು ಚೆನ್ನಾಗಿ ಕೂತಿವೆ.

ಈಗ ಅದನ್ನು ಸರಿಯಾದ ಜಾಗಕ್ಕೆ ಕೂರಿಸಬೇಕು. ಸ್ಕ್ಯಾನರಿಗೆ ತಾನು ನಿಂತ ಜಾಗವೇ ಸೊನ್ನೆ, ತನ್ನ ಮುಖ ಇದ್ದ ಕಡೆಯೇ ದಿಕ್ಕು. ಕ್ವಾರಿಯಲ್ಲಿ ಹಿಂದೆ ಸರ್ವೆ ಮಾಡಿದವರು ಬಿಟ್ಟುಹೋದ ಎರಡು ಕಾಂಕ್ರೀಟ್ ಕಲ್ಲುಗಳಿವೆ, ಮೇಲೆ ಮೊಳೆ ಹೊಡೆದಿದ್ದಾರೆ. ಆ ಎರಡನ್ನು ಹಿಡಿದು ಟೋಟಲ್ ಸ್ಟೇಷನ್ನಿನಲ್ಲಿ (ಕೋನ, ದೂರ ಎರಡನ್ನೂ ಅಳೆಯುವ ಸರ್ವೆ ಯಂತ್ರ) ನಾಲ್ಕು ಟಾರ್ಗೆಟ್ ಓದಿದೆ. ನಾಲ್ಕೂ ಚೌಕುಳಿ ಹಾಳೆಗಳು, ಬಂಡೆಯ ಬುಡದಲ್ಲಿ ಈ ತುದಿಯಿಂದ ಆ ತುದಿಗೆ ಅಂಟಿಸಿದ್ದೆವು. ಕ್ಲೌಡ್‌ಕಂಪೇರ್ ಸಾಫ್ಟ್‌ವೇರ್‌ನಲ್ಲಿ ಪಾಯಿಂಟ್ ಜೋಡಿ ಆರಿಸಿ ಅಲೈನ್ ಮಾಡಿದಾಗ ಆರ್‌ಎಂಎಸ್ 7 ಮಿ.ಮೀ. ಬಂತು. ತುಂಬಾ ಖುಷಿಯಾಯಿತು.

ಸುಮ್ನೆ ಖಾತರಿಗೆ ಅಂತ ನೆತ್ತಿಯ ಅಂಚಿನಲ್ಲಿದ್ದ ಒಂದು ಹಳೇ ಡ್ರಿಲ್ ತೂತಿನ ಬಾಯಿಯನ್ನೂ ಟೋಟಲ್ ಸ್ಟೇಷನ್ನಿನಲ್ಲಿ ಓದಿಟ್ಟಿದ್ದೆ. ಅದೇ ತೂತನ್ನು ಪಾಯಿಂಟ್ ಕ್ಲೌಡಿನಲ್ಲಿ (ಸ್ಕ್ಯಾನಿನ ಬಿಂದುಗಳ ರಾಶಿಯಲ್ಲಿ) ಹುಡುಕಿ ನೋಡಿದರೆ 42 ಸೆಂ.ಮೀ. ಹಿಂದೆ ಇದೆ. ಬುಡದಲ್ಲಿ ಮಿಲಿಮೀಟರ್ ಲೆಕ್ಕ, ನೆತ್ತಿಯಲ್ಲಿ ಮೊಳದ ಲೆಕ್ಕ. ಇದು ಹೇಗೆ ಸಾಧ್ಯ?


ಪಿಕ್ಸೆಲ್_ಪುಟ್ಟ
ಭಾನುವಾರ, ರಾತ್ರಿ 11:05

ಅಲೈನ್ ಕಿಟಕಿಯಲ್ಲೇ ಸ್ಕೇಲ್ ಹೊಂದಿಸುವ ಟಿಕ್ ಇದೆ ನೋಡಿ. ಅದನ್ನು ಹಾಕಿ ಇನ್ನೊಮ್ಮೆ ಓಡಿಸಿ. ಡ್ರೋನ್ ಫೋಟೋಗಳಿಂದ ಮಾಡಿದ ಮಾಡೆಲ್‌ಗಳಿಗೆ ನಾನು ಯಾವಾಗಲೂ ಹಾಕುತ್ತೇನೆ, ಅದಿಲ್ಲದೆ ಕೂರುವುದೇ ಇಲ್ಲ.


ಕಲ್ಲುದಾರಿ
ಭಾನುವಾರ, ರಾತ್ರಿ 11:40

ಹಾಕಿ ನೋಡಿದೆ. ಆರ್‌ಎಂಎಸ್ 5 ಮಿ.ಮೀ.ಗೆ ಇಳಿಯಿತು. ನೆತ್ತಿಯ ತೂತು ಮಾತ್ರ ಇದ್ದಲ್ಲೇ ಇದೆ.


ಹಳೇ_ಸರಪಳಿ
ಸೋಮವಾರ, ಬೆಳಿಗ್ಗೆ 6:15

ನೋಡಮ್ಮ, ಮೊದಲು ಆ ಸ್ಕೇಲ್ ಟಿಕ್ ತೆಗೆದುಬಿಡು. ಲೇಸರ್ ಸ್ಕ್ಯಾನರ್ ದೂರವನ್ನು ತಾನೇ ಅಳೆಯುತ್ತದೆ, ಅದರ ಅಳತೆಗೋಲು ಸರಿಯಾಗಿದೆ. ಟಿಕ್ ಹಾಕಿದರೆ ಟಾರ್ಗೆಟ್ ಓದಿದ್ದರಲ್ಲಿನ ತಪ್ಪನ್ನು ಮುಚ್ಚಲು ಸಾಫ್ಟ್‌ವೇರ್ ಬಂಡೆಯನ್ನೇ ಹಿಗ್ಗಿಸುತ್ತದೆ, ಇಲ್ಲವೇ ಕುಗ್ಗಿಸುತ್ತದೆ. ಆರ್‌ಎಂಎಸ್ ಇಳಿದದ್ದು ಅದಕ್ಕೇ. ಪುಟ್ಟ ಹೇಳಿದ್ದು ಫೋಟೋ ಮಾಡೆಲ್ಲಿಗೆ ಸರಿ. ಫೋಟೋಗೆ ತನ್ನದೇ ಅಂತ ಅಳತೆ ಇಲ್ಲ, ಅಲ್ಲಿ ಸ್ಕೇಲ್ ಬೇಕೇ ಬೇಕು.

ಈಗ ನಿನ್ನ 42 ಸೆಂ.ಮೀ. ವಿಷಯ. ಬಾಗಿಲನ್ನು ನೆನೆಸಿಕೋ. ಕೀಲುಗಳೆಲ್ಲ ಒಂದೇ ಗೆರೆಯಲ್ಲಿ ಇರುತ್ತವೆ. ಮೂರು ಕೀಲು ಹಾಕು, ಹತ್ತು ಹಾಕು, ಬಾಗಿಲು ತಿರುಗುವುದು ನಿಲ್ಲುವುದಿಲ್ಲ. ನಿಲ್ಲಬೇಕಾದರೆ ಗೆರೆಯಿಂದ ದೂರದಲ್ಲಿ ಒಂದು ಚಿಲಕ ಬೇಕು. ನಿನ್ನ ನಾಲ್ಕು ಟಾರ್ಗೆಟ್ಟೂ ಬುಡದಲ್ಲಿ ಒಂದೇ ಸಾಲಿನಲ್ಲಿವೆ. ಅವು ನಾಲ್ಕು ಕೀಲು. ಬಂಡೆ ಅನ್ನುವ ಬಾಗಿಲು ಆ ಗೆರೆಯ ಮೇಲೆ ಹಿಂದಕ್ಕೂ ಮುಂದಕ್ಕೂ ವಾಲಬಹುದು.

ಪೂರ್ತಿ ಸಡಿಲ ಇರಲಾರದು, ಯಾಕೆಂದರೆ ನಾಲ್ಕೂ ಕರಾರುವಾಕ್ಕಾಗಿ ಒಂದೇ ಗೆರೆಯಲ್ಲಿ ಇರಲ್ಲ. ಸಾಲಿನಿಂದ ಎಷ್ಟು ಈಚೆ ಆಚೆ ಇವೆ? ಒಂದು ಅರ್ಧ ಮೀಟರ್, ಮುಕ್ಕಾಲು ಮೀಟರ್ ಇರಬಹುದು. 60 ಸೆಂ.ಮೀ. ಅಂತ ಇಟ್ಟುಕೊಳ್ಳೋಣ. ಆ 60 ಸೆಂ.ಮೀ. ಅಗಲದ ಪಟ್ಟಿಯ ಮೇಲೆ 35 ಮೀಟರ್ ಎತ್ತರದ ಗೋಡೆ ನಿಂತಿದೆ. ಪಟ್ಟಿಯ ಒಂದು ಅಂಚು 7 ಮಿ.ಮೀ. ಏರುಪೇರಾದರೆ ನೆತ್ತಿಯಲ್ಲಿ ಎಷ್ಟು? 7ನ್ನು 600ರಿಂದ ಭಾಗಿಸಿ 35 ಮೀಟರಿಗೆ ಗುಣಿಸು. 41 ಸೆಂ.ಮೀ. ಬರುತ್ತದೆ. ನಿನಗೆ ಸಿಕ್ಕಿದ್ದು 42.

ಆರ್‌ಎಂಎಸ್ ಏನು ಹೇಳುತ್ತದೆ ಅಂದರೆ, ನೀನು ಕೊಟ್ಟ ನಾಲ್ಕು ಬಿಂದುಗಳು ತಮ್ಮತಮ್ಮಲ್ಲಿ ಎಷ್ಟು ಒಪ್ಪಿಕೊಂಡಿವೆ ಅಂತ, ಅಷ್ಟೇ. ಬಿಂದು ಇಲ್ಲದ ಕಡೆ ಏನಾಗಿದೆ ಅನ್ನುವುದು ಅದಕ್ಕೆ ಗೊತ್ತೇ ಇಲ್ಲ. ನೀನು ಆ ಡ್ರಿಲ್ ತೂತನ್ನು ಓದಿಟ್ಟಿದ್ದು ಬಹಳ ಒಳ್ಳೆಯ ಕೆಲಸ. ಲೆಕ್ಕಕ್ಕೆ ಸೇರಿಸದೆ ಪಕ್ಕಕ್ಕಿಟ್ಟ ಬಿಂದುವೇ ನಿಜ ಹೇಳುತ್ತದೆ. ಭಾರತದ ಮಹಾ ತ್ರಿಕೋನ ಸರ್ವೆ ಶುರು ಮಾಡಿದ ಲ್ಯಾಂಬ್ಟನ್ 1802ರಲ್ಲಿ ಮದರಾಸಿನ ಸೇಂಟ್ ಥಾಮಸ್ ಮೌಂಟ್ ಹತ್ತಿರ ಮೊದಲ ಬೇಸ್‌ಲೈನ್ (ಆಧಾರ ಗೆರೆ) ಅಳೆದು ಅಲ್ಲಿಂದ ತ್ರಿಕೋನಗಳನ್ನು ಹೆಣೆಯುತ್ತಾ ಬಂದರು. 1804ರಲ್ಲಿ ಬೆಂಗಳೂರಿನ ಹತ್ತಿರ ಇನ್ನೊಂದು ಬೇಸ್‌ಲೈನನ್ನು ನೆಲದ ಮೇಲೇ ಅಳೆದು ತಾಳೆ ನೋಡಿದರು. ಲೆಕ್ಕದಲ್ಲಿ ಬಂದಿದ್ದನ್ನು ಹಾಗೇ ನಂಬಲಿಲ್ಲ.


ಕಲ್ಲುದಾರಿ
ಸೋಮವಾರ, ಬೆಳಿಗ್ಗೆ 8:30

ಸರ್, ಈಗ ಪೂರ್ತಿ ಅರ್ಥವಾಯಿತು. ಹೋಗಿ ಲೆಕ್ಕ ಹಾಕಿದೆ. ಸಾಲಿನಿಂದ ಹೆಚ್ಚೆಂದರೆ 60 ಸೆಂ.ಮೀ. ಅಷ್ಟೇ ಈಚೆ ಆಚೆ ಇವೆ. ಕ್ವಾರಿಯ ನೆಲ ಸಪಾಟಾಗಿದ್ದರಿಂದ ಎತ್ತರದಲ್ಲೂ 20 ಸೆಂ.ಮೀ.ಗಿಂತ ಜಾಸ್ತಿ ವ್ಯತ್ಯಾಸ ಇಲ್ಲ.

ಮತ್ತೆ ಹೋಗಿ ಮೇಲಿನ ಬಿಂದುಗಳನ್ನು ಓದುವುದೇ ದಾರಿ ಅಂತ ಕಾಣುತ್ತದೆ. ಆದರೆ ಈಗಿರುವ ಡೇಟಾದಲ್ಲಿ ಏನಾದರೂ ಉಳಿಸಿಕೊಳ್ಳಬಹುದಾ? ಸ್ಕ್ಯಾನರ್ ಬಾಡಿಗೆಗೆ ತಂದಿದ್ದು, ಪುನಃ ತರುವುದು ಕಷ್ಟ.


ಘಟ್ಟದ_ಜಿಯಾಲಜಿಸ್ಟ್
ಸೋಮವಾರ, ಮಧ್ಯಾಹ್ನ 1:10

ಉಳಿಸಿಕೊಳ್ಳಬಹುದು. ಸ್ಕ್ಯಾನ್ ಮಾಡುವಾಗ ಕಾಂಪೆನ್ಸೇಟರ್ ಆನ್ ಇತ್ತಾ? ಇದ್ದರೆ ನಿಮ್ಮ ಕೆಲಸ ಅರ್ಧ ಮುಗಿದ ಹಾಗೆ. ಗಾರೆ ಕೆಲಸದವರು ಗೋಡೆಗೆ ತೂಗುಗುಂಡು ಬಿಡುತ್ತಾರಲ್ಲ, ಅದೇ ಕೆಲಸವನ್ನು ಕಾಂಪೆನ್ಸೇಟರ್ ಸ್ಕ್ಯಾನರಿನ ಒಳಗೆ ಕೂತು ಮಾಡುತ್ತದೆ. ಯಾವುದು ನೆಟ್ಟಗೆ ಮೇಲೆ ಅನ್ನುವುದು ಸ್ಕ್ಯಾನರಿಗೆ ಆಗಲೇ ಗೊತ್ತು. ಆದರೆ ಅಲೈನ್ ಮಾಡುವಾಗ ಮೂರೂ ಅಕ್ಷದಲ್ಲಿ ತಿರುಗಲು ಬಿಟ್ಟಿದ್ದೀರಿ. ಅಂದರೆ ಸ್ಕ್ಯಾನರಿಗೆ ಗೊತ್ತಿದ್ದ ಒಳ್ಳೆಯ ಲಂಬವನ್ನು ಬಿಸಾಕಿ, ಬುಡದ ನಾಲ್ಕು ಹಾಳೆಗಳನ್ನು ಕೇಳಿ ಹೊಸ ಲಂಬ ಹುಡುಕಿದ್ದೀರಿ.

ಅದೇ ಅಲೈನ್ ಕಿಟಕಿಯಲ್ಲಿ ರೊಟೇಷನ್ ಅಂತ ಒಂದು ಆಯ್ಕೆ ಇದೆ. ಅದನ್ನು ಝಡ್ (ಲಂಬ ಅಕ್ಷ) ಒಂದಕ್ಕೇ ಇಡಿ. ಆಗ ಹುಡುಕಬೇಕಾದ್ದು ನಾಲ್ಕೇ: ಮೂರು ಸರಿದಾಟ, ಒಂದು ತಿರುವು. ಆ ತಿರುವಿಗೆ ನಿಮ್ಮ ಟಾರ್ಗೆಟ್‌ಗಳು ತುಂಬಾ ಚೆನ್ನಾಗಿವೆ, ಯಾಕೆಂದರೆ 110 ಮೀಟರ್ ಉದ್ದಕ್ಕೆ ಹರಡಿವೆ. ಒಂದು ಎಚ್ಚರಿಕೆ: ಮೂರು ಸ್ಕ್ಯಾನ್‌ಗಳನ್ನು ಒಂದಕ್ಕೊಂದು ಕೂಡಿಸಿದಾಗ ಮೂಲ ಸ್ಕ್ಯಾನ್ (ಉಳಿದೆರಡನ್ನು ಯಾವುದಕ್ಕೆ ಹೊಂದಿಸಿದ್ದೀರೋ ಅದು) ವಾಲಿರಬಾರದು. ಕ್ವಾರಿ ನೆಲದಲ್ಲಿ ಕಲ್ಲುಪುಡಿ ಜಾಸ್ತಿ ಇರುತ್ತದೆ, ಟ್ರೈಪಾಡಿನ ಕಾಲು ನಿಧಾನವಾಗಿ ಇಳಿಯುತ್ತದೆ. ಮೂರೂ ಸ್ಥಾನದ ಟಿಲ್ಟ್ ಲಾಗ್ (ವಾಲಿಕೆಯ ದಾಖಲೆ) ತೆಗೆದು ನೋಡಿ.

ಇನ್ನೊಂದು ಮಾತು. ನಿಮ್ಮ ಕೆಲಸ ಬಂಡೆಯ ಸೀಳುಗಳ ದಿಕ್ಕು ಮತ್ತು ಇಳಿಜಾರು ಅಳೆಯುವುದಾ? 42 ಸೆಂ.ಮೀ. ವಾಲಿಕೆ ಅಂದರೆ 0.7 ಡಿಗ್ರಿ. ಕೈಯಲ್ಲಿ ಹಿಡಿಯುವ ಕಂಪಾಸಿನ ಓದು ಒಂದೆರಡು ಡಿಗ್ರಿ ಆಚೀಚೆ ಆಗುವುದು ಸಾಮಾನ್ಯ, ಆ ಲೆಕ್ಕದಲ್ಲಿ ಇದು ದೊಡ್ಡದಲ್ಲ. ಆದರೆ ಮುಂದಿನ ಮಳೆಗಾಲ ಕಳೆದ ಮೇಲೆ ಮತ್ತೆ ಸ್ಕ್ಯಾನ್ ಮಾಡಿ ಎಲ್ಲಿ ಕಲ್ಲು ಉದುರಿದೆ ಅಂತ ನೋಡುವುದಾದರೆ ಇದು ಪೂರ್ತಿ ಹಾಳು. ಉದುರದ ಕಲ್ಲು ಉದುರಿದ ಹಾಗೆ ಕಾಣುತ್ತದೆ. ಘಟ್ಟದ ರಸ್ತೆ ಬದಿಯ ಬಂಡೆಗಳಲ್ಲಿ ಕೆಲಸ ಮಾಡುವ ನಮಗೆ ಇದೇ ದೊಡ್ಡ ಚಿಂತೆ. ಯಾವ ಚಪ್ಪಡಿ ಎರಡು ಸೆಂಟಿಮೀಟರ್ ಜರುಗಿದೆ ಅನ್ನುವುದರ ಮೇಲೆ ಕೆಳಗೆ ಓಡಾಡುವ ಬಸ್ಸುಗಳ ಜನರ ಪ್ರಾಣ ನಿಂತಿರುತ್ತದೆ.


ಹೊಸಬ_ಸರ್ವೆ
ಸೋಮವಾರ, ರಾತ್ರಿ 9:00

ಈ ಚರ್ಚೆಯಲ್ಲೇ ಕೇಳಬಹುದಾ? ನನ್ನದೂ ಇಂಥದ್ದೇ, ಬುಡದಲ್ಲಿ ನಾಲ್ಕು ಟಾರ್ಗೆಟ್. ಆರ್‌ಎಂಎಸ್ 1.2 ಸೆಂ.ಮೀ. ಬಂತು. ಆದರೆ ಬಂಡೆ ಪೂರ್ತಿ ತಲೆಕೆಳಗಾಗಿ ನಿಂತಿದೆ, ನೆತ್ತಿ ನೆಲದ ಒಳಗೆ ಹೋಗಿದೆ. ಪಾಯಿಂಟ್ ಜೋಡಿಗಳನ್ನು ಮೂರು ಸಲ ಪರೀಕ್ಷಿಸಿದೆ, ಎಲ್ಲ ಸರಿ ಇವೆ.


ಕ್ವಾರಿ_ಮನೆ
ಸೋಮವಾರ, ರಾತ್ರಿ 10:30

ಹೊಸಬರೇ, ನಿಮ್ಮ ಬಿಂದುಗಳ ಪಟ್ಟಿಯಲ್ಲಿ ಉತ್ತರ ಮತ್ತು ಪೂರ್ವದ ಕಾಲಂ ಅದಲುಬದಲಾಗಿವೆ. ನೋಡದೆಯೇ ಇಷ್ಟು ಗಟ್ಟಿಯಾಗಿ ಹೇಳಲು ಕಾರಣ ಇದೆ.

ಸರ್ವೆಯವರು ಟೋಟಲ್ ಸ್ಟೇಷನ್ನಿನಿಂದ ಇಳಿಸುವಾಗ ಸಾಮಾನ್ಯವಾಗಿ ಮೊದಲು ನಾರ್ಥಿಂಗ್, ಆಮೇಲೆ ಈಸ್ಟಿಂಗ್ ಬರೆಯುತ್ತಾರೆ. ಕ್ಲೌಡ್‌ಕಂಪೇರ್ ಮೊದಲ ಕಾಲಂ ಅನ್ನು ಎಕ್ಸ್ ಅಂತ, ಅಂದರೆ ಪೂರ್ವ ಅಂತ ತೆಗೆದುಕೊಳ್ಳುತ್ತದೆ. ಎರಡೂ ಬದಲಾದರೆ ಬಿಂದುಗಳು ಕನ್ನಡಿಯಲ್ಲಿ ಕಂಡ ಹಾಗೆ ಆಗುತ್ತವೆ. ಬಲಗೈ ಎಡಗೈ ಆದ ಹಾಗೆ. ಬಲಗೈಯನ್ನು ಹೇಗೆ ತಿರುಗಿಸಿದರೂ ಎಡಗೈ ಆಗಲ್ಲ, ಅಲ್ವಾ? ಹಾಗಾಗಿ ಆರ್‌ಎಂಎಸ್ ದೊಡ್ಡದಾಗಿ ಬಂದು ತಪ್ಪು ಸಿಕ್ಕಿಬೀಳಬೇಕು. ಆದರೆ ಬಿಂದುಗಳೆಲ್ಲ ಒಂದೇ ಸಮತಲದಲ್ಲಿ ಇದ್ದರೆ ಸಿಕ್ಕಿಬೀಳುವುದಿಲ್ಲ. ಹಾಳೆಯ ಮೇಲೆ ಕೈಯ ನೆರಳು ಬರೆದು ಕತ್ತರಿಸಿ ನೋಡಿ. ಆ ಹಾಳೆಯನ್ನು ಮಗುಚಿಟ್ಟರೆ ಬಲಗೈ ಎಡಗೈ ಆಗಿಬಿಡುತ್ತದೆ. ನಿಮ್ಮ ಟಾರ್ಗೆಟ್ಟುಗಳೆಲ್ಲ ಸಪಾಟು ನೆಲದ ಮಟ್ಟದಲ್ಲಿವೆ. ಸಾಫ್ಟ್‌ವೇರ್ ಅವನ್ನು ಹಾಳೆಯ ಹಾಗೆ ಮಗುಚಿ ಹಾಕಿ ಹೊಂದಿಸಿತು. ಜೊತೆಗೆ ಬಂಡೆಯೂ ಮಗುಚಿಕೊಂಡಿತು.

ನೀವು ಅದೃಷ್ಟವಂತರು. ತಲೆಕೆಳಗಾದದ್ದು ಕಣ್ಣಿಗೆ ಕಾಣುತ್ತದೆ. ನಮಗೆ ಆದದ್ದು ಹಾಗಲ್ಲ. ನಮ್ಮ ಮನೆಯವರು ಎರಡು ತಲೆಮಾರಿನಿಂದ ಗ್ರಾನೈಟ್ ಬ್ಲಾಕ್ ತೆಗೆಯುವ ಕೆಲಸದಲ್ಲಿದ್ದಾರೆ. ವೈರ್‌ಸಾನಲ್ಲಿ (ತಂತಿ ಗರಗಸದಲ್ಲಿ) ಕೊಯ್ದ ಮುಖ ಗೋಡೆಯಷ್ಟೇ ಸಪಾಟು. ಸ್ಕ್ಯಾನಿಗೆ ಅಂತ ಮೇಲೆ ಮೂರು, ಕೆಳಗೆ ಮೂರು ಟಾರ್ಗೆಟ್ ಅಂಟಿಸಿದೆವು. ಹಳೇ ಸರಪಳಿ ಸರ್ ಹೇಳಿದ ಚಿಲಕ ನಮ್ಮಲ್ಲಿ ಇತ್ತು. ಹೊರಗಿನವರೊಬ್ಬರು ಸರ್ವೆ ಮಾಡಿ ಬಿಂದುಗಳ ಹಾಳೆ ಕೊಟ್ಟರು. ತಲೆಬರಹದಲ್ಲಿ ಎಕ್ಸ್, ವೈ, ಝಡ್ ಅಂತ ಮಾತ್ರ ಇತ್ತು. ಅಂಕಿಗಳೂ ಸ್ಥಳೀಯ ಲೆಕ್ಕದ ಸಾವಿರದ ಅಂಕಿಗಳು, ನೋಡಿದರೆ ಏನೂ ಗೊತ್ತಾಗಲ್ಲ. ಆರ್‌ಎಂಎಸ್ 9 ಮಿ.ಮೀ. ನೆತ್ತಿ ಮೇಲೆ, ಬುಡ ಕೆಳಗೆ, ಗೋಡೆ ನೆಟ್ಟಗೆ. ಎಲ್ಲ ಸರಿ ಅಂದುಕೊಂಡು ಎರಡು ವಾರ ಕೆಲಸ ಮಾಡಿದೆವು.

ಒಂದು ಬೆಳಿಗ್ಗೆ ಅಪ್ಪ ಕಂಪ್ಯೂಟರ್ ಮುಂದೆ ನಿಂತು ಕೇಳಿದರು: "ಬೆಳಿಗ್ಗೆ ಎದ್ದ ತಕ್ಷಣ ಈ ಮುಖಕ್ಕೆ ಬಿಸಿಲು ಬೀಳುತ್ತದೆ. ಇದರಲ್ಲಿ ಯಾಕೆ ನೈಋತ್ಯಕ್ಕೆ ಮುಖ ಮಾಡಿ ನಿಂತಿದೆ?" ನಿಜವಾದ ಮುಖ 60 ಡಿಗ್ರಿಯ ಕಡೆ ನೋಡುತ್ತದೆ. ನಮ್ಮ ಕ್ಲೌಡಿನಲ್ಲಿ 210 ಡಿಗ್ರಿ ಇತ್ತು. ಬಿಂದುಗಳೆಲ್ಲ ಒಂದೇ ಗೋಡೆಯ ಮೇಲೆ ಇದ್ದಿದ್ದರಿಂದ ಸಾಫ್ಟ್‌ವೇರ್ ಗೋಡೆಯನ್ನು ಹಿಂದುಮುಂದಾಗಿ ತಿರುಗಿಸಿ ಹೊಂದಿಸಿಬಿಟ್ಟಿತ್ತು.

ಅಂದಿನಿಂದ ನಾವು ಒಂದು ಟಾರ್ಗೆಟ್ಟನ್ನು ಮುಖದಿಂದ ಹದಿನೈದು ಇಪ್ಪತ್ತು ಮೀಟರ್ ಮುಂದೆ, ಯಾವುದಾದರೂ ಬಿಡಿ ಬ್ಲಾಕಿನ ಮೇಲೆ ಇಡುತ್ತೇವೆ. ಕಾಲಂ ಬದಲಾದರೆ ಅದೊಂದು ಬಿಂದು ಕೂಡಲೇ ಮೀಟರುಗಟ್ಟಲೆ ತಪ್ಪು ತೋರಿಸುತ್ತದೆ.


ಹೊಸಬ_ಸರ್ವೆ
ಮಂಗಳವಾರ, ಬೆಳಿಗ್ಗೆ 7:20

ಕಾಲಂ ಬದಲಿಸಿದೆ. ಬಂಡೆ ನೆಟ್ಟಗೆ ನಿಂತಿತು. ತುಂಬಾ ಧನ್ಯವಾದ ಅಣ್ಣ. ಅಪ್ಪನಿಗೂ ತಿಳಿಸಿ.


ಕಲ್ಲುದಾರಿ
ಮಂಗಳವಾರ, ರಾತ್ರಿ 8:45

ಕಾಂಪೆನ್ಸೇಟರ್ ಆನ್ ಇತ್ತು. ಲಾಗ್ ನೋಡಿದೆ. ಎರಡು ಸ್ಥಾನ ಚೆನ್ನಾಗಿವೆ. ಮೂರನೆಯದರಲ್ಲಿ ಸ್ಕ್ಯಾನ್ ನಡೆಯುತ್ತಿದ್ದಾಗಲೇ ಕಾಲು ಇಳಿದಿದೆ, ಅದು ಕಲ್ಲುಪುಡಿಯ ಗುಡ್ಡೆಯ ಮೇಲೆ ಇತ್ತು. ಜೋಡಿಸುವಾಗ ಅದನ್ನೇ ಮೂಲ ಅಂತ ಇಟ್ಟುಕೊಂಡಿದ್ದೆ! ಈಗ ಒಂದನೆಯದನ್ನು ಮೂಲ ಮಾಡಿ, ಝಡ್ ತಿರುವು ಮಾತ್ರ ಬಿಟ್ಟು ಓಡಿಸಿದೆ. ನೆತ್ತಿಯ ತೂತಿನ ತಪ್ಪು 42ರಿಂದ 3 ಸೆಂ.ಮೀ.ಗೆ ಇಳಿದಿದೆ.

ಆದರೂ ಮುಂದಿನ ವರ್ಷದ ಸ್ಕ್ಯಾನ್ ಜೊತೆ ಹೋಲಿಸುವುದು ಇರುವುದರಿಂದ ಶನಿವಾರ ಹೋಗಿ ಮೇಲಿನ ಬಿಂದುಗಳನ್ನು ಓದಿ ಬರುತ್ತೇನೆ. ಸ್ಕ್ಯಾನರ್ ಬೇಡ, ಟೋಟಲ್ ಸ್ಟೇಷನ್ ಕಾಲೇಜಿನದೇ ಇದೆ. ಮೇಲೆ ಟಾರ್ಗೆಟ್ ಇಲ್ಲದೆ ಬಂಡೆಯ ಗುರುತುಗಳನ್ನೇ ಓದಬೇಕು. ಯಾವ ಗುರುತು ಒಳ್ಳೆಯದು?


ಕ್ವಾರಿ_ಮನೆ
ಮಂಗಳವಾರ, ರಾತ್ರಿ 9:30

ಅಕ್ಕ, ಕ್ವಾರಿಯಲ್ಲಿ ಗುರುತಿಗೆ ಬರ ಇಲ್ಲ. ಸಾಲಾಗಿ ಡ್ರಿಲ್ ಹಾಕಿ ಸೀಳಿದ ಕಡೆ ಅರ್ಧ ಕೊಳವೆಯಂಥ ಗೆರೆಗಳು ಉಳಿದಿರುತ್ತವೆ. ಅವುಗಳ ತಳ, ತೂತು ಮುಗಿಯುವ ಜಾಗ, ಸ್ಕ್ಯಾನಿನಲ್ಲಿ ಸ್ಪಷ್ಟವಾಗಿ ಕಾಣುತ್ತದೆ. ಬಿಳಿ ಪಟ್ಟೆಗಳು ಒಂದನ್ನೊಂದು ಕತ್ತರಿಸುವ ಜಾಗವೂ ಒಳ್ಳೆಯದು, ಇಂಟೆನ್ಸಿಟಿ (ವಾಪಸ್ ಬಂದ ಲೇಸರ್ ಬೆಳಕಿನ ತೀವ್ರತೆ) ಹಾಕಿದರೆ ಎದ್ದು ಕಾಣುತ್ತದೆ. ಚೂಪು ಮೂಲೆ, ಅಂಚಿನ ತುದಿ ಬೇಡ. ಲೇಸರ್ ಚುಕ್ಕಿ ಅರ್ಧ ಅಂಚಿನ ಮೇಲೆ, ಅರ್ಧ ಹಿಂದಿನ ಬಂಡೆಯ ಮೇಲೆ ಬಿದ್ದು ಎರಡರ ನಡುವಿನ ಸುಳ್ಳು ದೂರ ಬರುತ್ತದೆ. ಸ್ಕ್ಯಾನರಿಗೂ ಹಾಗೇ, ಟೋಟಲ್ ಸ್ಟೇಷನ್ನಿಗೂ ಹಾಗೇ.

ಮುಖ್ಯವಾಗಿ, ನೆತ್ತಿಯ ಅಂಚಿಗೆ ಹೋಗಬೇಡಿ. ನಿಂತ ಕ್ವಾರಿಯ ಅಂಚಿನಲ್ಲಿ ಸಿಡಿಮದ್ದಿನ ಏಟಿಗೆ ಸಡಿಲವಾದ ಕಲ್ಲುಗಳು ಹಾಗೇ ಕೂತಿರುತ್ತವೆ. ಕೆಳಗಿನಿಂದಲೇ ಓದಿ. ಬಂಡೆಯಲ್ಲಿ ಹೆಜ್ಜೇನು ಕಟ್ಟಿದ್ದರೆ ಅದರ ನೇರಕ್ಕೆ ಟ್ರೈಪಾಡ್ ನಿಲ್ಲಿಸಬೇಡಿ. ನಮ್ಮಲ್ಲಿ ಒಬ್ಬ ಹುಡುಗ ಆಸ್ಪತ್ರೆ ಸೇರಿದ್ದ.


ಹಳೇ_ಸರಪಳಿ
ಬುಧವಾರ, ಬೆಳಿಗ್ಗೆ 6:00

ಕ್ವಾರಿ ಮನೆಯವರು ಹೇಳಿದ್ದು ಚಿನ್ನದಂಥ ಮಾತು. ಅದಕ್ಕೆ ಸ್ವಲ್ಪ ಸೇರಿಸುತ್ತೇನೆ.

ಪ್ರಿಸಮ್ (ಕಿರಣವನ್ನು ವಾಪಸ್ ಕಳಿಸುವ ಗಾಜು) ಬಿಟ್ಟು ನೇರ ಬಂಡೆಗೆ ಓದುವಾಗ ಮೋಡ್ ಬದಲಿಸಲು ಮರೆಯಬೇಡ, ಪ್ರಿಸಮ್ ಕಾನ್‌ಸ್ಟಂಟ್ (ಪ್ರಿಸಮ್‌ಗಾಗಿ ದೂರಕ್ಕೆ ಮಾಡುವ ತಿದ್ದುಪಡಿ) ಕೂಡ ನೋಡು. ಅದೊಂದು ಮರೆತರೆ 30 ಮಿ.ಮೀ.ನಷ್ಟು ತಪ್ಪು ಸದ್ದಿಲ್ಲದೆ ಎಲ್ಲ ದೂರಕ್ಕೂ ಸೇರಿಕೊಳ್ಳುತ್ತದೆ. ಪ್ರತಿ ಗುರುತನ್ನು ಯಂತ್ರದ ಎರಡು ಮುಖದಲ್ಲೂ (ದೂರದರ್ಶಕವನ್ನು ಮಗುಚಿ ಇನ್ನೊಮ್ಮೆ) ಓದು. ಸಾಧ್ಯವಾದರೆ ಎರಡು ಬೇರೆ ನಿಲ್ದಾಣದಿಂದ ಓದು. ಬಂಡೆಗೆ ಆದಷ್ಟು ಎದುರಾಗಿ ನಿಲ್ಲು. ಓರೆಯಾಗಿ ಹೊಡೆದರೆ ಲೇಸರ್ ಚುಕ್ಕಿ ಉದ್ದಕ್ಕೆ ಎಳೆದುಕೊಳ್ಳುತ್ತದೆ.

ಓದಿದ ಕೂಡಲೇ ಗುರುತಿನ ಫೋಟೋ ತೆಗೆದು ಪ್ರಿಂಟಿನ ಮೇಲೆ ಪೆನ್ನಿನಲ್ಲಿ ಚುಕ್ಕಿ ಇಡು. ಸಂಜೆ ಕಂಪ್ಯೂಟರ್ ಮುಂದೆ ಕೂತಾಗ ಹತ್ತು ಡ್ರಿಲ್ ತೂತು ಒಂದೇ ಥರ ಕಾಣುತ್ತವೆ.

ಹತ್ತು ಗುರುತು ಓದಿದರೆ ಹತ್ತನ್ನೂ ಲೆಕ್ಕಕ್ಕೆ ಹಾಕಬೇಡ. ಮೂರನ್ನು ಪಕ್ಕಕ್ಕಿಡು. ಯಾವ ಮೂರು ಅಂತ ಮನೆಯಿಂದ ಹೊರಡುವ ಮೊದಲೇ ತೀರ್ಮಾನಿಸು. ಫಲಿತಾಂಶ ನೋಡಿದ ಮೇಲೆ ಆರಿಸಿದರೆ ಮನಸ್ಸು ಚೆನ್ನಾಗಿರುವುದನ್ನೇ ಆರಿಸುತ್ತದೆ.


ಕಲ್ಲುದಾರಿ
ಭಾನುವಾರ, ಸಂಜೆ 5:30

ನಿನ್ನೆ ಹೋಗಿ ಬಂದೆ. ಬೆಳಿಗ್ಗೆ ಏಳಕ್ಕೇ ಶುರು ಮಾಡಿದೆವು. ಹತ್ತೂವರೆ ಹೊತ್ತಿಗೆ ಬಂಡೆ ಕಾದು ದೂರದರ್ಶಕದಲ್ಲಿ ಗುರುತುಗಳು ನೀರಿನಲ್ಲಿ ಕಂಡ ಹಾಗೆ ನಡುಗತೊಡಗಿದವು, ಅಷ್ಟರಲ್ಲಿ ಮುಗಿದಿತ್ತು.

ಎರಡು ಕಾಂಕ್ರೀಟ್ ಕಲ್ಲುಗಳ ನಡುವಿನ ದೂರವನ್ನು ಮೊದಲು ಅಳೆದೆ. ಹಾಳೆಯಲ್ಲಿದ್ದ ಅಂಕಿಗೂ ನನ್ನ ಅಳತೆಗೂ 4 ಮಿ.ಮೀ. ವ್ಯತ್ಯಾಸ. ಕಲ್ಲುಗಳು ಜರುಗಿಲ್ಲ ಅಂತ ಸಮಾಧಾನವಾಯಿತು. ಆಮೇಲೆ ಬುಡದ ಮೂರು ಹಳೇ ಟಾರ್ಗೆಟ್ (ನಾಲ್ಕನೆಯದನ್ನು ಯಾರೋ ಕಿತ್ತಿದ್ದಾರೆ), ನಡುವಿನ ಮೆಟ್ಟಿಲಲ್ಲಿ ಒಂದು ಡ್ರಿಲ್ ತೂತಿನ ತಳ, ನೆತ್ತಿಯ ಹತ್ತಿರ ಎರಡು ಕಡೆ ಬಿಳಿ ಪಟ್ಟೆ ಕೂಡುವ ಜಾಗ. ಮುಖದಿಂದ 18 ಮೀಟರ್ ಮುಂದೆ ಬಿದ್ದಿರುವ ಒಂದು ಬ್ಲಾಕಿನ ಮೇಲೆ ಉಳಿ ಗುರುತು ಇತ್ತು, ಸ್ಕ್ಯಾನಿನಲ್ಲೂ ಚೆನ್ನಾಗಿ ಬಿದ್ದಿದೆ, ಅದನ್ನೂ ಓದಿದೆ. ಒಟ್ಟು ಏಳು. ಪಕ್ಕಕ್ಕಿಡಲು ಅಂತ ಮೊದಲೇ ಬರೆದುಕೊಂಡು ಹೋಗಿದ್ದ ಮೂರು ಬೇರೆ, ಅದರಲ್ಲಿ ಒಂದು ಆ ಹಳೇ ಡ್ರಿಲ್ ತೂತು.

ಏಳು ಬಿಂದು ಹಾಕಿದಾಗ ಆರ್‌ಎಂಎಸ್ 11 ಮಿ.ಮೀ. ಬಂತು. ಅಂದರೆ ಮೊದಲಿನ 7ಕ್ಕಿಂತ ಜಾಸ್ತಿ. ಪಕ್ಕಕ್ಕಿಟ್ಟ ಮೂರರ ತಪ್ಪು 9, 12, 14 ಮಿ.ಮೀ. ನೆತ್ತಿಯ ತೂತು ಈಗ 14 ಮಿ.ಮೀ.! ಒಂದು ವಾರದ ಹಿಂದೆ ಆಗಿದ್ದರೆ 7 ಬಂದದ್ದನ್ನೇ ಇಟ್ಟುಕೊಂಡು 11 ಬಂದದ್ದನ್ನು ಬಿಸಾಕುತ್ತಿದ್ದೆ. ಎಲ್ಲರಿಗೂ ಮನಸಾರೆ ಧನ್ಯವಾದ.

ಆದರೆ ಹೊಸ ತೊಂದರೆ ಒಂದು ಬಂದಿದೆ. ಗೈಡ್ ಮೇಡಂ ಉಪಗ್ರಹ ಚಿತ್ರದ ಮೇಲೆ ಕೂರಿಸಲು ಯುಟಿಎಂನಲ್ಲಿ (ಭೂಮಿಯನ್ನು ವಲಯಗಳಾಗಿ ಹಂಚಿ ಮೀಟರಿನಲ್ಲಿ ಜಾಗ ಹೇಳುವ ನಕ್ಷೆಯ ಗ್ರಿಡ್) ಬೇಕು ಅಂದರು. ಕಾಂಕ್ರೀಟ್ ಕಲ್ಲುಗಳ ಮೇಲೆ ಜಿಎನ್‌ಎಸ್‌ಎಸ್ (ಜಿಪಿಎಸ್‌ನಂಥ ಉಪಗ್ರಹ ರಿಸೀವರ್) ಇಟ್ಟು ಯುಟಿಎಂ ಅಂಕಿ ತಂದೆ. ಕ್ಲೌಡನ್ನು ಅದಕ್ಕೆ ಸರಿಸಿ ಸೇವ್ ಮಾಡಿ ಮತ್ತೆ ತೆಗೆದರೆ ಬಂಡೆ ಪೂರ್ತಿ ಪಟ್ಟೆಪಟ್ಟೆ. ಬಿಂದುಗಳೆಲ್ಲ ಗೆರೆಗಳಲ್ಲಿ ಸಾಲಾಗಿ ನಿಂತಿವೆ, ನಡುವೆ ಖಾಲಿ. ಅಳೆದು ನೋಡಿದರೆ ಒಂದು ಕಡೆ 12.5 ಸೆಂ.ಮೀ. ಅಂತರ, ಇನ್ನೊಂದು ಕಡೆ 6 ಸೆಂ.ಮೀ. ಚಿಲ್ಲರೆ.


ಪರ್ತ್_ಕನ್ನಡಿಗ
ಭಾನುವಾರ, ರಾತ್ರಿ 7:15

ನಾನು ಇಲ್ಲಿ ಆಸ್ಟ್ರೇಲಿಯಾದಲ್ಲಿ ಗಣಿಯ ಸರ್ವೆ ವಿಭಾಗದಲ್ಲಿದ್ದೇನೆ. ಈ ಪಟ್ಟೆ ನೋಡಿದ ಕೂಡಲೇ ಗುರುತು ಹಿಡಿಯಬಹುದು. ಕ್ಲೌಡ್‌ಕಂಪೇರ್ ಪ್ರತಿ ಅಂಕಿಯನ್ನು 32 ಬಿಟ್‌ನಲ್ಲಿ ಇಟ್ಟುಕೊಳ್ಳುತ್ತದೆ. ಅದರಲ್ಲಿ ಏಳೆಂಟು ಅಂಕಿಯಷ್ಟೇ ನಿಖರವಾಗಿ ಹಿಡಿಸುತ್ತದೆ. ಮಾಗಡಿಯ ನಾರ್ಥಿಂಗ್ 14 ಲಕ್ಷ ಮೀಟರಿನ ಮೇಲಿದೆ. ಅಷ್ಟು ದೊಡ್ಡ ಅಂಕಿಯಲ್ಲಿ ಎರಡು ಪಕ್ಕಪಕ್ಕದ ಬೆಲೆಗಳ ನಡುವೆ ಸರಿಯಾಗಿ 0.125 ಮೀಟರ್ ಅಂತರ. ಈಸ್ಟಿಂಗ್ 7 ಲಕ್ಷದ ಮೇಲೆ, ಅಲ್ಲಿ ಅಂತರ 0.0625. ನೀವು ಅಳೆದದ್ದು ಇದನ್ನೇ.

ಫೈಲ್ ತೆಗೆಯುವಾಗ ಗ್ಲೋಬಲ್ ಶಿಫ್ಟ್ ಬೇಕಾ ಅಂತ ಕೇಳುತ್ತದೆ. ಬೇಕು ಅನ್ನಿ. ದೊಡ್ಡ ಅಂಕಿಯನ್ನು ಪಕ್ಕಕ್ಕೆ ಬರೆದಿಟ್ಟುಕೊಂಡು ಚಿಕ್ಕ ಅಂಕಿಗಳಲ್ಲಿ ಕೆಲಸ ಮಾಡುತ್ತದೆ, ಸೇವ್ ಮಾಡುವಾಗ ವಾಪಸ್ ಕೂಡಿಸುತ್ತದೆ. ಪಟ್ಟೆ ಬಿದ್ದ ಫೈಲ್ ಮಾತ್ರ ಹೋಯಿತು, ಅದನ್ನು ಸರಿ ಮಾಡಲಾಗಲ್ಲ. ಮೂಲ ಫೈಲಿನಿಂದಲೇ ಮತ್ತೆ ಶುರು ಮಾಡಿ.

ಯುಟಿಎಂ ಬಗ್ಗೆ ಇನ್ನೊಂದು ವಿಷಯ. ಮಾಗಡಿ ಇರುವುದು ವಲಯ 43ರಲ್ಲಿ, ಸಾಫ್ಟ್‌ವೇರ್‌ಗೆ ಕೊಡುವ ಇಪಿಎಸ್‌ಜಿ ಸಂಖ್ಯೆ 32643. ಅದರ ನಡುಗೆರೆ 75 ಡಿಗ್ರಿ ರೇಖಾಂಶ. ಮಾಗಡಿ ಅಲ್ಲಿಂದ ಪೂರ್ವಕ್ಕೆ 240 ಕಿ.ಮೀ. ದೂರ. ಅಲ್ಲಿ ಗ್ರಿಡ್ ಹಿಗ್ಗಿರುತ್ತದೆ. ಸಮುದ್ರ ಮಟ್ಟದಿಂದ ಎತ್ತರದಲ್ಲಿ ಇರುವುದನ್ನೂ ಸೇರಿಸಿ ಲೆಕ್ಕ ಹಾಕಿದರೆ ನೆಲದ ಮೇಲಿನ 100 ಮೀಟರ್ ಗ್ರಿಡ್‌ನಲ್ಲಿ 100 ಮೀಟರ್ 2 ಸೆಂ.ಮೀ. ಆಗುತ್ತದೆ. ನಿಮ್ಮ 120 ಮೀಟರ್ ಮುಖಕ್ಕೆ 2.3 ಸೆಂ.ಮೀ. ಸ್ಕೇಲ್ ಹಿಗ್ಗಿಸದೆ ಕೂರಿಸಿದರೆ ಎರಡೂ ತುದಿಯಲ್ಲಿ ಒಂದೊಂದು ಸೆಂ.ಮೀ. ತಪ್ಪು ಉಳಿಯುತ್ತದೆ. ಹಿಗ್ಗಿಸಿದರೆ ಬಂಡೆಯ ನಿಜವಾದ ಅಳತೆ ಕೆಡುತ್ತದೆ.

ಇಲ್ಲಿ ಗಣಿಗಳಲ್ಲಿ ಇದಕ್ಕೇ ಅಂತ ಗಣಿಯ ಸ್ವಂತ ಗ್ರಿಡ್ ಇಟ್ಟುಕೊಳ್ಳುತ್ತಾರೆ, ನೆಲದ ಅಳತೆ ಹಾಗೇ ಉಳಿಯುತ್ತದೆ. ನೀವೂ ಕ್ವಾರಿಯ ಸ್ಥಳೀಯ ಅಂಕಿಗಳಲ್ಲೇ ಎಲ್ಲ ಅಳತೆ ಮಾಡಿ. ಗೈಡ್ ಮೇಡಂಗೆ ಚಿತ್ರದ ಮೇಲೆ ಕೂರಿಸಲು ಮಾತ್ರ ಒಂದು ಯುಟಿಎಂ ಪ್ರತಿ ಕೊಡಿ. ಸರಿಸಿದ, ತಿರುಗಿಸಿದ ಮ್ಯಾಟ್ರಿಕ್ಸ್ ಅನ್ನು ಒಂದು ಟೆಕ್ಸ್ಟ್ ಫೈಲಿನಲ್ಲಿ ಇಟ್ಟುಕೊಳ್ಳಿ, ಯಾವಾಗ ಬೇಕಾದರೂ ವಾಪಸ್ ಬರಬಹುದು.

ಕೋಲಾರದ ಕಡೆ ಕೆಲಸ ಮಾಡುವವರು ಇಲ್ಲಿದ್ದರೆ: 78 ಡಿಗ್ರಿ ದಾಟಿದರೆ ವಲಯ 44. ಕೋಲಾರ ಊರು ಆ ಗೆರೆಯ ಆಚೆ ಇದೆ. ಬೆಂಗಳೂರಿನ ಫೈಲಿನ ಸೆಟ್ಟಿಂಗನ್ನೇ ಹಾಗೇ ಎತ್ತಿಕೊಂಡು ಹೋಗಬೇಡಿ.


ಘಟ್ಟದ_ಜಿಯಾಲಜಿಸ್ಟ್
ಭಾನುವಾರ, ರಾತ್ರಿ 8:00

ಒಳ್ಳೆಯ ವಿವರ. ಸೀಳುಗಳ ದಿಕ್ಕು ಬರೆಯುವಾಗ ಉತ್ತರ ಯಾವುದು ಅಂತಲೂ ಬರೆಯಿರಿ. ಮಾಗಡಿಯಲ್ಲಿ ಯುಟಿಎಂನ ಗ್ರಿಡ್ ಉತ್ತರ ನಿಜವಾದ ಉತ್ತರಕ್ಕಿಂತ ಅರ್ಧ ಡಿಗ್ರಿ ಪೂರ್ವಕ್ಕಿದೆ. ಕಂಪಾಸಿನ ಉತ್ತರ ಮೂರನೆಯದು. ಕಂಪಾಸ್ ಓದು ಮತ್ತು ಕ್ಲೌಡಿನ ಓದನ್ನು ಒಂದೇ ಚಿತ್ರದಲ್ಲಿ ಹಾಕುವ ಮೊದಲು ಎರಡನ್ನೂ ಒಂದೇ ಉತ್ತರಕ್ಕೆ ತನ್ನಿ.


ಪಿಕ್ಸೆಲ್_ಪುಟ್ಟ
ಭಾನುವಾರ, ರಾತ್ರಿ 9:10

ನನ್ನಿಂದಲೂ ಒಂದು ಪ್ರಶ್ನೆ. ಜಿಎನ್‌ಎಸ್‌ಎಸ್ ಕೊಟ್ಟ ಎತ್ತರ ಟೋಪೋ ನಕ್ಷೆಯ ಎತ್ತರಕ್ಕಿಂತ 86 ಮೀಟರ್ ಕಡಿಮೆ ಬರುತ್ತಿದೆ. ಯಂತ್ರ ಕೆಟ್ಟಿದೆಯಾ?


ಹಳೇ_ಸರಪಳಿ
ಸೋಮವಾರ, ಬೆಳಿಗ್ಗೆ 6:10

ಯಂತ್ರ ಸರಿ ಇದೆ ಪುಟ್ಟ. ಜಿಎನ್‌ಎಸ್‌ಎಸ್ ಕೊಡುವುದು ಎಲಿಪ್ಸಾಯ್ಡ್ (ಭೂಮಿಗೆ ಲೆಕ್ಕದಲ್ಲಿ ಕೊಟ್ಟ ನುಣುಪಾದ ಆಕಾರ) ಮೇಲಿನ ಎತ್ತರ. ನಕ್ಷೆಯಲ್ಲಿರುವುದು ಸರಾಸರಿ ಸಮುದ್ರ ಮಟ್ಟದಿಂದ. ನಮ್ಮ ಕಡೆ ಭೂಮಿಯ ಗುರುತ್ವ ಕಡಿಮೆ, ಸಮುದ್ರ ಮಟ್ಟದ ಮೈ ಎಲಿಪ್ಸಾಯ್ಡಿಗಿಂತ ತುಂಬಾ ಕೆಳಗೆ ತಗ್ಗಿದೆ. ಶ್ರೀಲಂಕಾದ ದಕ್ಷಿಣಕ್ಕೆ ಅದು 100 ಮೀಟರಿಗೂ ಜಾಸ್ತಿ, ಬೆಂಗಳೂರಿನ ಸುತ್ತ ಸುಮಾರು 86. ಜಿಯಾಯ್ಡ್ (ಆ ಸಮುದ್ರ ಮಟ್ಟದ ಮೈ) ಮಾಡೆಲ್ ಹಾಕಿ ಸರಿಪಡಿಸಿಕೋ. ಇಲ್ಲವೇ ಹತ್ತಿರದ ಬೆಂಚ್ ಮಾರ್ಕಿನಿಂದ (ಎತ್ತರ ಗೊತ್ತಿರುವ ಗುರುತು) ಲೆವೆಲ್ ತೆಗೆದುಕೊಂಡು ಬಾ. ಹಳೇ ಟೋಪೋ ಹಾಳೆಯಿಂದ ಅಕ್ಷಾಂಶ ರೇಖಾಂಶ ಎತ್ತಿಕೊಳ್ಳುವಾಗಲೂ ಹುಷಾರು. ಅವು ಎವರೆಸ್ಟ್ ಅನ್ನುವ ಹಳೇ ಎಲಿಪ್ಸಾಯ್ಡಿನ ಲೆಕ್ಕದಲ್ಲಿವೆ, ಹಾಗೇ ಹಾಕಿದರೆ ನೂರು ಮೀಟರಿಗೂ ಜಾಸ್ತಿ ಪಕ್ಕಕ್ಕೆ ಹೋಗುತ್ತದೆ.

ಕಲ್ಲುದಾರಿ, ನೀನು ಜಿಎನ್‌ಎಸ್‌ಎಸ್ ಇಟ್ಟ ಕಲ್ಲುಗಳು ಬಂಡೆಯಿಂದ ಎಷ್ಟು ದೂರ? ಬಂಡೆ ಅರ್ಧ ಆಕಾಶವನ್ನೇ ಮುಚ್ಚುತ್ತದೆ, ಸಿಗ್ನಲ್ ಬಂಡೆಗೆ ಬಡಿದು ವಾಪಸ್ ಬರುತ್ತದೆ. ಫಿಕ್ಸ್ (ಜಾಗ ನಿಖರವಾಗಿ ಸಿಕ್ಕಿದೆ) ಅಂತ ತೋರಿಸಿದರೂ ನಂಬಬೇಡ.


ಕಲ್ಲುದಾರಿ
ಸೋಮವಾರ, ಬೆಳಿಗ್ಗೆ 9:00

ಒಂದು ಕಲ್ಲು ಬಂಡೆಯಿಂದ 25 ಮೀಟರಿನಲ್ಲೇ ಇದೆ ಸರ್. ಎರಡು ಸಲ ಓದಿದಾಗ 6 ಸೆಂ.ಮೀ. ಬೇರೆ ಬೇರೆ ಬಂದಿತ್ತು, ಯಾಕೆ ಅಂತ ಗೊತ್ತಾಗಿರಲಿಲ್ಲ. ಕ್ವಾರಿಯ ದಾರಿಯ ಬಾಯಲ್ಲಿ ಬಯಲಿದೆ, ಅಲ್ಲಿ 200 ಮೀಟರ್ ಅಂತರದಲ್ಲಿ ಎರಡು ಹೊಸ ಮೊಳೆ ಹೊಡೆದು, ಪ್ರತಿಯೊಂದರ ಮೇಲೂ ಜಿಎನ್‌ಎಸ್‌ಎಸ್ ಅನ್ನು ಒಂದು ಗಂಟೆ ಸ್ಟಾಟಿಕ್ (ಅಲ್ಲಾಡಿಸದೆ) ಇಟ್ಟು, ಅಲ್ಲಿಂದ ಟೋಟಲ್ ಸ್ಟೇಷನ್ನಿನಲ್ಲಿ ಒಳಗೆ ತರುತ್ತೇನೆ. 200 ಮೀಟರಿಗೆ 1 ಸೆಂ.ಮೀ. ತಪ್ಪಾದರೂ ದಿಕ್ಕಿನಲ್ಲಿ ಕೋನದ 10 ಸೆಕೆಂಡ್ ಅಷ್ಟೇ, ಸರಿಯಾ?

ಇನ್ನೊಂದು ಲೆಕ್ಕ ಹಾಕಿದೆ. ಮೊದಲಿನ 42 ಸೆಂ.ಮೀ. ವಾಲಿಕೆಯಲ್ಲೇ ಬಿಟ್ಟು ಮುಂದಿನ ವರ್ಷದ ಸ್ಕ್ಯಾನ್ ಜೊತೆ ಹೋಲಿಸಿದ್ದರೆ 120 ಮೀಟರ್ ಅಗಲ, 35 ಮೀಟರ್ ಎತ್ತರದ ಒಂದು ಬೆಣೆ ಸುಳ್ಳಾಗಿ ಹುಟ್ಟುತ್ತಿತ್ತು. 880 ಘನ ಮೀಟರ್. ಗ್ರಾನೈಟ್ ಲೆಕ್ಕದಲ್ಲಿ 2,300 ಟನ್ನಿಗೂ ಜಾಸ್ತಿ.


ಕ್ವಾರಿ_ಮನೆ
ಸೋಮವಾರ, ಬೆಳಿಗ್ಗೆ 9:25

ಹತ್ತು ಟನ್ನಿನ ಟಿಪ್ಪರಿನಲ್ಲಿ 230 ಲೋಡು ಅಕ್ಕ. ರಾಯಲ್ಟಿ ಲೆಕ್ಕದಲ್ಲಿ ಹೀಗಾಗಿದ್ದರೆ ಒಂದು ಮನೆಯೇ ಮುಳುಗಿಹೋಗುತ್ತಿತ್ತು.


ಹಳೇ_ಸರಪಳಿ
ಸೋಮವಾರ, ಬೆಳಿಗ್ಗೆ 10:00

ದಿಕ್ಕಿನ ಲೆಕ್ಕ ಸರಿ ಇದೆ ಅಮ್ಮ. ಮೊಳೆ ಹೊಡೆಯುವ ಜಾಗ ದನ ಓಡಾಡುವ ದಾರಿ ಆಗದಿರಲಿ. ಹೊಡೆದ ಮೇಲೆ ಸುತ್ತ ಮೂರು ಗಟ್ಟಿ ಗುರುತುಗಳಿಂದ ಟೇಪಿನಲ್ಲಿ ಅಳೆದು ಒಂದು ಸಣ್ಣ ಚಿತ್ರ ಬರೆದಿಟ್ಟುಕೋ. ಮುಂದಿನ ವರ್ಷ ಹೋದಾಗ ಹುಲ್ಲು ಬೆಳೆದಿರುತ್ತದೆ.